ಉಪಕಾರದ ಕುರುಹು

ಉರಿಯುವ ಹಡಗಿನಿಂದ ಪರರ ಪ್ರಾಣವನ್ನು ಉಳಿಸಿದವನಿಗೆ ಕೆಲವು ತಿಂಗಳುಗಳ ಮೇಲೆ ಒಂದು ಬೆಳ್ಳಿಯ ಬಿಲ್ಲೆ ಬಂದು ಸೇರುವುದುಂಟು. ಅದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಕರಗಿಸಿ ಮಾರಿದರೆ ಬರುವ ಹಣ ಒಂದು ಸಂಸಾರದ ಕೆಲವು ದಿನಗಳ ಊಟಕ್ಕೂ ಸಾಲದು. ಆದರೂ ಅದನ್ನು ಪಡೆದವನು ಕರಗಿಸಿ ಮಾರುವುದಿಲ್ಲ. ಅವನ ಮಕ್ಕಳು ಪೆಟ್ಟಿಗೆಯಲ್ಲಿ ಅರಿವೆ ಸುತ್ತಿ ಇಡುತ್ತಾರೆ. ಈ ಬಿಲ್ಲೆಯು ನಿಜವಾಗಿ ಏನು? ಮಾಡಿದ ಕೆಲಸಕ್ಕೆ ಕೊಟ್ಟ ಕೂಲಿಯೆ? ಬರಿಯ ಹೊಗಳಿಕೆಯೆ? ಅಥವಾ ತೀರದ ಸಾಲವೊಂದನ್ನು ಒಪ್ಪಿಕೊಂಡು ಬರೆದುಕೊಟ್ಟ ಪತ್ರವೆ? ಸಾಲಪತ್ರವಾದ ಪಕ್ಷದಲ್ಲಿ ಅದನ್ನು ಬರೆದುಕೊಡತಕ್ಕವನು ಪ್ರಾಣವುಳಿದವನಲ್ಲವೆ? ಹಾಗಿರುವಾಗ ಅದರ ಮೇಲೆ ಯಾವನೋ ರಾಜನ ಮುಖವೇಕೆ? ನೋಡುವುದಕ್ಕೆ ಚಿಕ್ಕ ಪ್ರಶ್ನೆ. ಆದರೆ ಉಪಕಾರ, ಋಣ, ಕೃತಜ್ಞತೆ ಎಂಬ ಮೂರು ದೊಡ್ಡ ಮಾತುಗಳು ಇದರಲ್ಲಿ ಹೆಣೆದುಕೊಂಡಿವೆ.

ಪ್ರಶ್ನೆಯನ್ನು ಗಾಳಿಯಲ್ಲಿಟ್ಟು ವಿಚಾರಿಸುವುದಕ್ಕಿಂತ ಒಂದು ನಡೆದ ಸಂಗತಿಯ ಮೇಲಿಟ್ಟು ವಿಚಾರಿಸುವುದು ಲೇಸು. ೧೯೧೩ನೆಯ ಇಸವಿ ಅಕ್ಟೋಬರ್ ೨ರಂದು ಹಾಲೆಂಡಿನ ರಾಟರ್‌ಡ್ಯಾಮ್ ರೇವಿನಿಂದ ವೋಲ್ಟರ್ನೋ ಎಂಬ ಬ್ರಿಟಿಷ್ ಹೊಗೆಹಡಗು ಅಮೆರಿಕದ ಕಡೆಗೆ ಹೊರಟಿತು. ಅದರಲ್ಲಿದ್ದವರು ಸುಮಾರು ೬೫೦ ಮಂದಿ; ಅವರಲ್ಲಿ ಹೆಚ್ಚಿನವರು ಪೂರ್ವ ಯೂರೋಪಿನ ನಾಡುಗಳಿಂದ ಹೊಟ್ಟೆಪಾಡಿಗಾಗಿ ಊರುಬಿಟ್ಟು ಹೊರಟ ಬಡವರು. ಅಕ್ಟೋಬರ್ ೯ರ ಬೆಳಗಿನ ಜಾವ, ಅಟ್ಲಾಂಟಿಕ್ ಮಹಾಸಾಗರದ ನಟ್ಟನಡುವೆ, ದೊಡ್ಡ ಬಿರುಗಾಳಿಯಲ್ಲಿ, ಹಡಗಿನ ಮುಂದಣ ಸರಕುಕೋಣೆಯಲ್ಲಿ ಬೆಂಕಿ ಹೊತ್ತಿತು. ಬೆಂಕಿಯಿಂದ ತಪ್ಪಿಸಿಕೊಳ್ಳುವ ಆತುರದಲ್ಲಿ ಹಡಗಿನ ಸ್ವಂತ ದೋಣಿಗಳನ್ನು ಇಳಿಸಿದರು. ಅಲೆಗಳ ಹೊಡೆತಕ್ಕೆ ಆ ದೋಣಿಗಳು ನುಚ್ಚುನೂರಾದುವು, ಇಲ್ಲವೆ ಕಣ್ಮರೆಯಾದುವು. ಆ ದಿನ ಸತ್ತ ಸುಮಾರು ೧೩೦ ಜನರಲ್ಲಿ ಬಹುಮಂದಿ ಹೀಗೆ ಬೆಂಕಿಗೆ ಅಂಜಿ ನೀರಿಗಿಳಿದವರೇ. ಉಳಿದವರು ಕಾದ ಹಲಗೆಗಳ ಮೇಲೆ, ಹಡಗಿನ ಹಿಂಭಾಗದಲ್ಲಿ ಒತ್ತೊತ್ತಾಗಿ ನಿಂತರು.

ಆ ಹಡಗಿನಲ್ಲಿ ನಿಸ್ತಂತು ಯಂತ್ರವಿತ್ತು. ಅದರ ಕೂಗನ್ನು ಕೇಳಿ ಕಾರ್ಮೇನಿಯಾ ಎಂಬ ದೊಡ್ಡ ಬ್ರಿಟಿಷ್ ಹಡಗು ಮಧ್ಯಾಹ್ನದ ಹೊತ್ತಿಗೆ ಬಂದು ಸೇರಿತು. ಅದು ಮತ್ತೆ ದಿಕ್ಕುದಿಕ್ಕಿಗೂ ವರ್ತಮಾನ ಕಳುಹಿಸಲಾಗಿ, ಮರುದಿನ ಬೆಳಗಾಗುವಷ್ಟರಲ್ಲಿ ಒಟ್ಟು ಹನ್ನೊಂದು ಹಡಗುಗಳು ಸುತ್ತ ನೆರೆದುವು. ಅವುಗಳಲ್ಲಿ ಜರ್ಮನರ ಗ್ರೋಸರ್ ಕುರ್ಫರ್ಸ್ಟ್, ಸೈಡ್ಲಿಟ್ಸ್ ಎಂಬ ಎರಡು, ಫ್ರೆಂಚರದೊಂದು, ರಷ್ಯದವರದೊಂದು, ಅಮೆರಿಕದ ಬಾವುಟದ ಕ್ರೂನ್‌ಲ್ಯಾಂಡ್ ಎಂಬುದೊಂದು, ಮಿಕ್ಕವು ಬ್ರಿಟಿಷರವು. ಇಷ್ಟು ಹಡಗುಗಳು ಒಂದೊಂದಾಗಿ ಬಂದು ಸುತ್ತ ನಿಂತರೂ ಬಹಳ ಹೊತ್ತಿನವರೆಗೆ ಏನೂ ಮಾಡಲಾಗಲಿಲ್ಲವೆಂಬುದೇ ಆ ಇರುಳಿನ ಘೋರ. ಹತ್ತಿರದಲ್ಲೇ ದೀಪಗಳು ಕಾಣುತ್ತವೆ. ನಡುವೆ ದಾಟಲಾಗದ ನೀರು. ಇಳಿಸಿದ ದೋಣಿಗಳು ಸಮೀಪಿಸಲಾರದೆ ಹಿಂದಿರುಗಿದುವು. ಕೆಲವು ಮಾತ್ರ ಹೇಗೋ ಬಳಿಸಾರಿ, ನೀರಿಗೆ ಹಾರಿದವರನ್ನು ಎತ್ತಿಕೊಂಡುವು. ಹತ್ತನೆಯ ತಾರೀಖಿನ ಬೆಳಗ್ಗೆ ನ್ಯಾರಗ್ಯಾನ್ಸೆಟ್ ಎಂಬ ಎಣ್ಣೆಹಡಗು ಬಂದು ಸಮುದ್ರದ ಮೇಲೆ ಎಣ್ಣೆಯನ್ನು ಸುರಿಯಿತು. ಎಣ್ಣೆಯು ನೀರಿನ ಮೇಲೆ ತೆಳುವಾಗಿ ಹರಡಿ, ಅಲೆಯ ನೆತ್ತಿ ಒಡೆದು ಬೀಳುವುದನ್ನು ತಡೆಯುತ್ತದೆ. ಅಲೆ ಏರಿಳಿದರೂ ಮುರಿಯುವುದಿಲ್ಲ. ಆಗ ಹಡಗುಗಳಿಂದ ದೋಣಿಗಳು ಹೊರಟು ಮಿಕ್ಕವರನ್ನು ಸಾಗಿಸಿದುವು; ಹೀಗೆ ಒಟ್ಟು ೫೦೦ಕ್ಕೂ ಹೆಚ್ಚು ಜನರು ಉಳಿದರು. ಉರಿಗೆ ಎಣ್ಣೆ ಸುರಿಯಬಾರದೆಂಬುದು ಮಕ್ಕಳಿಗೂ ತಿಳಿದ ಮಾತು. ಅಂದು ಉರಿಯ ಸುತ್ತ ಸುರಿದ ಎಣ್ಣೆಯೇ ಪ್ರಾಣಗಳನ್ನುಳಿಸಿತು.

ಈ ಕೆಲಸಕ್ಕಾಗಿ ಬ್ರಿಟಿಷ್ ಸರ್ಕಾರವು ಹಲವು ಹಡಗುಗಳ ದೋಣಿಗಾರರಿಗೆ, ಪರದೇಶದವರಿಗೂ ಸಹ, ಸಮುದ್ರಶೌರ್ಯದ ಪದಕಗಳನ್ನು ಕೊಟ್ಟಿತು. ಈ ಪದಕದ ಮೂಲವು ೧೮೫೪ರ ವರ್ತಕನೌಕೆಗಳ ಕಾನೂನಿನಲ್ಲಿದೆ. ಮೊದಲನೆಯದನ್ನು ೧೮೫೫ರಲ್ಲಿ ಕೊಟ್ಟರು. ಆರಂಭದಲ್ಲಿ ಇದು ಧರಿಸತಕ್ಕ ವಸ್ತುವಾಗಿರಲಿಲ್ಲ. ದೊಡ್ಡದಾದ ದಪ್ಪ ಬಿಲ್ಲೆ. ಕೊರಳಿಗೆ ಕೊಂಡಿಯಿಲ್ಲ, ಎದೆಗೆ ಪಟ್ಟಿಯಿಲ್ಲ. ಪೆಟ್ಟಿಗೆಯಲ್ಲಿಟ್ಟು ಬಂದವರಿಗೆ ತೋರಿಸಬಹುದು, ಅಷ್ಟೆ. ಏಳನೆಯ ಎಡ್ವರ್ಡ್ ರಾಜನ ಕಾಲದಲ್ಲಿ ಇದನ್ನು ಕಿರಿದುಗೊಳಿಸಿ ಎದೆಯ ಮೇಲೆ ತೊಡುವಂತೆ ಮಾಡಿದರು. ಮೊದಲಿನ ಕ್ರಮವೇ ಉತ್ತಮವೆಂದು ತೋರುತ್ತದೆ. ಪೆಟ್ಟಿಗೆಯಲ್ಲಿರುವುದು ನೆನಪಿಗಾಗುತ್ತದೆ; ಎದೆಯ ಮೇಲಿರುವುದು ಬೀದಿಯವರ ಕಣ್ಣಿಗಾಗುತ್ತದೆ. ಇರಲಿ. ಆ ಪದಕದ ಒಂದು ಮುಖದಲ್ಲಿ ರಾಜನ ತಲೆ. ಇನ್ನೊಂದು ಮುಖದಲ್ಲಿ ಒಡೆದ ಹಡಗಿನ ಮೇಲೆ ಸಿಕ್ಕಿಕೊಂಡ ಜನರು. ಅವರಲ್ಲೊಬ್ಬನು ದೂರದ ದೋಣಿಯನ್ನು ಕೈಬೀಸಿ ಕರೆಯುತ್ತಿದ್ದಾನೆ. ಉಳಿಸಿದವನು ಇದರಲ್ಲಿ ಎಲ್ಲಿದ್ದಾನೆ? ಎರಡು ಮುಖಗಳಲ್ಲಿಯೂ ಅವನಿಲ್ಲ. ಅವನ ಹೆಸರು ಬಿಲ್ಲೆಯ ಅಂಚಿನ ದಪ್ಪದಲ್ಲಿ ಕಿರಿಯಕ್ಷರಗಳಿಂದ ಕೊರೆದಿದೆ. ಚಿತ್ರವನ್ನು ಹಾಗೆ ಬರೆದವನಿಗೆ ಧರ್ಮಸೂಕ್ಷ್ಮವು ತಿಳಿದಿತ್ತೋ ಇಲ್ಲವೋ, ಆದರೆ ಆ ಜೋಡಣೆಯು ಉಚಿತವೇ ಆಗಿದೆ.

ಇನ್ನು ಪೂರ್ವಪಕ್ಷ. ಉಪಕಾರಕ್ಕೆ ಪ್ರತಿಫಲವೇ ಸಲ್ಲದು ಎಂಬುದು ಒಂದು ಮತ. ಮರಳಿ ಉಪಕಾರ ಮಾಡಲಾರದವನಿಗೆ, ಕೊಡಬೇಕೆಂಬ ಒಂದೇ ಬುದ್ಧಿಯಿಂದ ಕೊಟ್ಟ ದಾನವನ್ನು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಸಾತ್ತ್ವಿಕವೆನ್ನುತ್ತದೆ; ಪ್ರತ್ಯುಪಕಾರವನ್ನು ಬಯಸಿ ಕೊಟ್ಟುದನ್ನು ರಾಜಸವೆನ್ನುತ್ತದೆ. ಪ್ರಾಣದಾನವು ದಾನಗಳಲ್ಲಿ ಹಿರಿದು. ವೋಲ್ಟರ್ನೋದಲ್ಲಿದ್ದ ಬಡವರು ಏನನ್ನೂ ಹಿಂದಿರುಗಿಸಲಾರದವರು, ಇನ್ನೊಮ್ಮೆ ಕಣ್ಣಿಗೂ ಬೀಳಲಾರದವರು. ಅಂಥವರಿಗೆ ಕೊಟ್ಟುದೇ ಪರಿಶುದ್ಧವಾದ ದಾನ. ಅದರ ಮೇಲೆ ಬೆಳ್ಳಿಯ ಬಿಲ್ಲೆಯನ್ನಿಟ್ಟರೆ ಹಾಲಿಗೆ ಉಪ್ಪು ಹಾಕಿದಂತಾಗುವುದಿಲ್ಲವೆ? ಈ ಆಕ್ಷೇಪಣೆಗೆ ಒಡನೆಯೇ ಒಂದು ಸಮಾಧಾನವುಂಟು. ಗೀತೆಯು ನಿಷೇಧಿಸುವುದು ಕೊಡುವವನ ಮನಸ್ಸಿನ ಆಶೆಯನ್ನು, ಪಡೆದವನ ನಾಲಗೆಯನ್ನಲ್ಲ. ಅಲೆಯ ನಡುವೆ ದೋಣಿಯನ್ನು ಹುಟ್ಟುಹಾಕುವವನಿಗೆ ಪದಕದ ನೆನಪು ಬರುವುದಕ್ಕೆ ಅವಕಾಶವೆಲ್ಲಿಯದು? ಆದರೆ ಸಮಾಧಾನವು ಅರ್ಧವೇ. ಕೊಡುವವನ ಮಾತು ಮುಗಿಯಿತು. ಪಡೆದವನು ಏನು ಮಾಡತಕ್ಕದ್ದೆಂಬುದು ಉಳಿಯಿತು.

ಪಡೆದವನ ಕರ್ತವ್ಯವನ್ನು ಪ್ರಾಚೀನ ರೋಮಿನವರು ಬಹು ಕಟ್ಟುನಿಟ್ಟಾಗಿ ಗೊತ್ತುಮಾಡಿದ್ದರು. ಯುದ್ಧದಲ್ಲಿ ಒಬ್ಬ ಪೌರನ ಪ್ರಾಣವನ್ನುಳಿಸಿದವನಿಗೆ ಓಕ್ ಮರದ ಎಲೆಗಳ ಕಿರೀಟ. ಆ ರಾಜ್ಯದಲ್ಲಿ ಚಿನ್ನದ ಕಿರೀಟಗಳಿದ್ದುವು. ಆದರೆ ಈ ಕಾರ್ಯಕ್ಕೆ ಎಲೆಯದೇ ಸಲ್ಲುವುದೆಂದೂ, ಮನುಷ್ಯನ ಪ್ರಾಣವನ್ನು ಲಾಭಕ್ಕಾಗಿ ಉಳಿಸಿದಂತಾಗಬಾರದೆಂಬುದೇ ಇದರ ಆಶಯವೆಂದೂ ಹಿರಿಯ ಪ್ಲಿನಿಯು ಹೇಳಿದ್ದಾನೆ. ಸೇನಾಪತಿಯನ್ನುಳಿಸಿದರೆ ಹೆಚ್ಚಿನ ಗೌರವವೆಂಬುದೂ ಇರಲಿಲ್ಲವಂತೆ. ಇದಕ್ಕಿಂತ ವಿಚಾರಾರ್ಹವಾದ ನಿಯಮ ಇನ್ನೊಂದು: ಕಿರೀಟ ದೊರೆಯಬೇಕಾದರೆ ಉಳಿದವನೇ ಬಂದು, ಇವನು ನನ್ನನ್ನುಳಿಸಿದನು ಎಂದು ಒಪ್ಪಿಕೊಳ್ಳಬೇಕು, ಬೇರೆಯವರ ಸಾಕ್ಷಿ ನಡೆಯದು. ಒಪ್ಪಿಕೊಂಡ ಮೇಲೆ ಆಜೀವವೂ ಅವನನ್ನು ತಂದೆಯಂತೆ ಕಾಣಬೇಕು. ಪಾಲಿಬಿಯಸ್ ಎಂಬ ಇತಿಹಾಸಕಾರನು, ಒಪ್ಪದವರನ್ನು ಅಧಿಕಾರಿಗಳು ಬಲವಂತಪಡಿಸುತ್ತಿದ್ದರೆಂದು ಬರೆಯುತ್ತಾನೆ. ಬಲವಂತವೇಕೆ ಬೇಕಾಯಿತು? ಇದಕ್ಕೆ ಸಿಸೆರೋ ಎಂಬ ವಾಗ್ಮಿಯು ಒಂದು ಭಾಷಣದಲ್ಲಿ ಕಾರಣವನ್ನು ಕೊಟ್ಟಿದ್ದಾನೆ. ಸೈನಿಕರು ಈ ಕಿರೀಟವನ್ನು ಮನಸ್ಸಿಲ್ಲದ ಮನಸ್ಸಿನಿಂದ ಕೊಡುತ್ತಾರೆ. ರಕ್ಷಣೆ ಹೊಂದಿದುದು ನಾಚಿಕೆಯೆಂದಲ್ಲ, ತಂದೆತಾಯಿಗಳಿಗೆ ಸಲ್ಲತಕ್ಕ ಋಣವನ್ನು ಅನ್ಯನಿಗೆ ಹೊರುವುದು ಭಾರವೆಂದು. ಉಳಿಸುವುದು ಕಷ್ಟವೆಂದು ಎಲ್ಲರೂ ಬಲ್ಲರು. ಉಳಿಸಲ್ಪಡುವುದೂ ಕಷ್ಟವೆಂಬುದನ್ನು ಬಲ್ಲವರು ವಿರಳ. ಲೋಕದಲ್ಲಿ ಉಪಕೃತನಾದವನು ಉಪಕಾರಿಯ ಬೀದಿಯನ್ನು ತಪ್ಪಿಸಿ ನಡೆಯುವುದನ್ನು ಕಂಡವರು, ಅದನ್ನು ಕೂಡಲೆ ಕೃತಘ್ನತೆಯೆನ್ನುವುದಕ್ಕೆ ಮುಂಚೆ ಈ ಭಾರವನ್ನೂ ತೂಗಿ ನೋಡತಕ್ಕದ್ದು.

ಈ ರೋಮನ್ ಕಿರೀಟಕ್ಕೂ ಕಡಲಿಗೂ ಸಂಬಂಧ ಬಂದುದು ೧೮೩೬ರಲ್ಲಿ. ಲಂಡನ್ನಿನ ಲಾಯ್ಡ್ಸ್ ಎಂಬ ನೌಕಾವಿಮೆಯ ಸಂಘದವರು ಕಡಲಿನಲ್ಲಿ ಪ್ರಾಣರಕ್ಷಣೆ ಮಾಡಿದವರಿಗಾಗಿ ಒಂದು ಪದಕವನ್ನು ಅಚ್ಚುಹಾಕಿಸಿದರು. ವಿಲಿಯಂ ವಯನ್ ಎಂಬ ಶಿಲ್ಪಿಯು ಅದರ ಒಂದು ಮುಖದಲ್ಲಿ ಓಕ್ ಎಲೆಗಳ ಮಾಲೆಯನ್ನೂ, ಪೌರರನ್ನುಳಿಸಿದುದಕ್ಕಾಗಿ ಎಂಬರ್ಥದ ಹಳೆಯ ಲ್ಯಾಟಿನ್ ಮಾತನ್ನೂ ಕೊರೆದನು. ಇನ್ನೊಂದು ಮುಖದಲ್ಲಿ ಗ್ರೀಕರ ಒಡಿಸ್ಸಿ ಕಾವ್ಯದ ಒಂದು ಸನ್ನಿವೇಶ: ತೆಪ್ಪ ಮುರಿದು ಅಲೆಗಳಲ್ಲಿ ತೊಳಲುವ ಒಡಿಸ್ಯೂಸನಿಗೆ ಲ್ಯೂಕೊಥಿಯಾ ಎಂಬ ಕಡಲದೇವತೆಯು ತನ್ನ ಮೇಲುದವನ್ನು ಕೊಡುತ್ತಾಳೆ. ಪದಕದಲ್ಲಿ ಬರದ ಕಥಾಶೇಷವೇ ಇಲ್ಲಿ ಪ್ರಕೃತವಾದುದು. ಆ ಮೇಲುದವನ್ನು ಎದೆಗೆ ಕಟ್ಟಿಕೊಂಡು ಈಜಬೇಕು. ದಡ ಮುಟ್ಟಿದೊಡನೆ ಬಿಚ್ಚಿ, ಮುಖ ತಿರುಗಿಸಿಕೊಂಡು, ಸಮುದ್ರಕ್ಕೆ ಹಿಂದಕ್ಕೆಸೆಯಬೇಕು. ಕುರುಹನ್ನು ಇಟ್ಟುಕೊಳ್ಳುವಂತಿಲ್ಲ, ತಿರುಗಿ ನೋಡುವಂತೆಯೂ ಇಲ್ಲ. ದೇವತೆಗಳ ಉಪಕಾರಕ್ಕೆ ಕುರುಹು ಬೇಡ. ಮನುಷ್ಯರ ಉಪಕಾರಕ್ಕೆ ಬೇಕೆಂದು ಅದೇ ಚಿತ್ರವನ್ನು ಬೆಳ್ಳಿಯಲ್ಲಿ ಒತ್ತಿ ಹಂಚಿದುದು ಒಂದು ವಿನೋದ.

ಹೀಗೆ, ಆಜೀವ ಹೊರಬೇಕಾದ ಋಣವೆಂಬುದೊಂದು ಕಡೆ, ತಿರುಗಿಯೂ ನೋಡಬೇಡವೆಂಬುದೊಂದು ಕಡೆ. ಈ ಎರಡಕ್ಕೂ ನಡುವೆ ರಾಮಾಯಣದ ಉತ್ತರಕಾಂಡದಲ್ಲಿ ಒಂದು ಸಂದರ್ಭವಿದೆ. ಪಟ್ಟಾಭಿಷೇಕವಾಗಿ ವಾನರರು ಊರಿಗೆ ಹೊರಡುವ ಸಮಯ. ಶ್ರೀರಾಮನು ಹನುಮಂತನಿಗೆ ಹೇಳುವ ಮಾತಿನ ತಾತ್ಪರ್ಯವಿದು: ನೀನು ಮಾಡಿದ ಉಪಕಾರವು ನನ್ನೊಳಗೇ ಜೀರ್ಣವಾಗಿ ಹೋಗಲಿ, ಅದನ್ನು ತೀರಿಸುವ ಸಂದರ್ಭವೇ ಬಾರದಿರಲಿ, ಏಕೆಂದರೆ ಮನುಷ್ಯನು ಪ್ರತ್ಯುಪಕಾರಕ್ಕೆ ಪಾತ್ರನಾಗುವುದು ಆಪತ್ತಿನಲ್ಲಿ. ಇದಕ್ಕಿಂತ ಸೂಕ್ಷ್ಮವಾದ ಋಣವಿಚಾರವು ಬೇರೆ ಕಡೆ ದೊರೆಯುವುದು ದುರ್ಲಭ. ಪ್ರಾಣಕ್ಕೆ ಪ್ರಾಣವನ್ನೇ ಮರಳಿ ಕೊಡಬೇಕೆಂದು ಹಂಬಲಿಸುವವನು, ತಿಳಿಯದೆಯೇ, ತನ್ನನ್ನುಳಿಸಿದವನ ಹಡಗಿಗೆ ಬೆಂಕಿ ಬೀಳಲೆಂದು ಹಂಬಲಿಸಿದಂತಾಯಿತು. ಆದಕಾರಣ ಈ ಸಾಲವನ್ನು ತೀರಿಸದೆ ಇರುವುದೇ ಧರ್ಮ. ವಾಚಕರು ಗಮನಿಸಬೇಕಾದುದು ಮುಂದಿನ ಸಂಗತಿಯನ್ನು. ಇಷ್ಟು ಹೇಳಿದ ಅದೇ ರಾಮನು, ಆ ಕ್ಷಣದಲ್ಲೇ ತನ್ನ ಕೊರಳಿನ ಹಾರವನ್ನು ತೆಗೆದು ಹನುಮಂತನ ಕೊರಳಿಗೆ ಕಟ್ಟುತ್ತಾನೆ. ಹಾರವು ಸಾಲದ ತೀರಿಕೆಯಾಗಿದ್ದರೆ ಹಿಂದಿನ ಮಾತು ವ್ಯರ್ಥವಾಗುತ್ತಿತ್ತು; ಹಿಂದಿನ ಮಾತು ನಿಜವಾದುದರಿಂದ ಹಾರವು ತೀರಿಕೆಯಲ್ಲ. ತೀರಿಸಲಿಲ್ಲವೆಂಬುದಕ್ಕೇ ಅದು ಗುರುತು. ಇದು ಪದಕದ ಪ್ರಶ್ನೆಗೆ ಸಿದ್ಧಾಂತವೆನ್ನಬಹುದು. ಆದರೆ ಸಿದ್ಧಾಂತವು ಶುದ್ಧವಾಗಿದ್ದರೂ ಲೋಕದಲ್ಲಿ ಅದರ ಪ್ರಯೋಗವು ಕೆಡುವುದುಂಟು.

ಕೆಟ್ಟುದಕ್ಕೆ ಒಂದು ದೃಷ್ಟಾಂತ. ೧೯೧೨ರಲ್ಲಿ ಟೈಟಾನಿಕ್ ಮುಳುಗಿದಾಗ ೭೦೦ಕ್ಕೂ ಹೆಚ್ಚು ಜನರನ್ನು ದೋಣಿಗಳಿಂದೆತ್ತಿಕೊಂಡ ಕಾರ್ಪೇಥಿಯಾ ಹಡಗಿನವರಿಗೆ, ಉಳಿದವರಲ್ಲಿ ಧನವಂತರಾದವರು ಹಣ ಕೂಡಿಸಿ ಪದಕಗಳನ್ನು ಮಾಡಿಸಿದರು. ಉಳಿದವರೇ ಕೊಟ್ಟರೆಂಬುದು ರೋಮಿನ ಕ್ರಮಕ್ಕೆ ಹತ್ತಿರವಾಗಿ ಬಹು ಸೊಗಸಾಗಿದೆ. ಆದರೆ ಹಿರಿಯ ಅಧಿಕಾರಿಗಳಿಗೆ ಚಿನ್ನ, ಕಿರಿಯ ಅಧಿಕಾರಿಗಳಿಗೆ ಬೆಳ್ಳಿ, ಮಿಕ್ಕ ಕೆಲಸಗಾರರಿಗೆ ಕಂಚು. ಆ ರಾತ್ರಿ ಹಿಮಬಂಡೆಗಳ ನಡುವೆ ಹಡಗು ತನ್ನ ವಾಡಿಕೆಯ ವೇಗವನ್ನು ಮೀರಿ ಓಡಿದುದು ಒಲೆಗೆ ಕಲ್ಲಿದ್ದಲು ಎರಚಿದವರ ತೋಳಿನಿಂದ, ಅವರದು ಕಂಚು. ಅಪ್ಪಣೆ ಕೊಟ್ಟವನ ಧೈರ್ಯವು ದೊಡ್ಡದಲ್ಲವೆಂದಲ್ಲ. ಉಪಕಾರದ ಕುರುಹಿಗೆ ಸಂಬಳದ ಪಟ್ಟಿಯ ತಾರತಮ್ಯವು ಸೇರಿತೆಂಬುದೇ ದೋಷ. ಓಕ್ ಎಲೆಯಲ್ಲಿ ಈ ತೊಡಕಿರಲಿಲ್ಲ.

ಪದಕವಿರಲಿ, ಹೊಟ್ಟೆಗೇನು ಎಂದು ಕೇಳುವವರೂ ಇದ್ದಾರೆ. ಅವರ ಪ್ರಶ್ನೆಯು ಕೀಳಾದುದಲ್ಲ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಮ್ಯಾನ್ ದ್ವೀಪದಲ್ಲಿ ವಾಸವಾಗಿದ್ದ ಸರ್ ವಿಲಿಯಂ ಹಿಲರಿ ಎಂಬಾತನು, ತನ್ನ ಕಣ್ಣೆದುರಿಗೆ ಹಡಗುಗಳು ಒಡೆಯುವುದನ್ನು ಕಂಡು, ೧೮೨೩ರಲ್ಲಿ ಒಂದು ವಿಜ್ಞಾಪನೆಯನ್ನು ಪ್ರಕಟಿಸಿದನು. ಪರರನ್ನುಳಿಸುವುದಕ್ಕೆ ಹೋಗಿ ತಾವೇ ಸತ್ತರೆ ತಮ್ಮ ಹೆಂಡಿರು ಮಕ್ಕಳ ಗತಿಯೇನೆಂಬ ಅಂಜಿಕೆಯು ಕರಾವಳಿಯವರ ಕೈ ಕಟ್ಟುತ್ತದೆ; ಉಳಿಸಿದವರಿಗೆ ಬಹುಮಾನವೂ ಸತ್ತವರ ಸಂಸಾರಕ್ಕೆ ಆಧಾರವೂ ಏರ್ಪಡಬೇಕು ಎಂಬುದು ಅವನ ವಾದದ ಒಂದು ಮುಖ್ಯಾಂಶ. ಮರುವರ್ಷವೇ ಅದರಿಂದ ಒಂದು ಸಂಸ್ಥೆ ಹುಟ್ಟಿತು. ಇಂದಿಗೂ ಅದು ಆ ದೇಶದ ತೀರಗಳಲ್ಲಿ ರಕ್ಷಣಾದೋಣಿಗಳನ್ನು ನಡೆಸುತ್ತಿದೆ. ಹಿಲರಿಯು ಬರಿಯ ಕಾಗದದ ಮೇಲೆ ವಾದಿಸಿದವನಲ್ಲ. ೧೮೩೦ರಲ್ಲಿ, ಅರವತ್ತರ ಹತ್ತಿರದ ವಯಸ್ಸಿನಲ್ಲಿ, ತಾನೇ ದೋಣಿಯೇರಿ ಹೋಗಿ ಎಲುಬು ಮುರಿದುಕೊಂಡು ಬಂದವನು. ಅವನ ವಾದದಲ್ಲಿ ಪದಕವೂ ಜೀವನಾಧಾರವೂ ಒಂದೇ ಉಸಿರಿನಲ್ಲಿ ಬಂದರೂ, ಅವೆರಡೂ ಬೇರೆ ಬೇರೆ. ಕನ್ನಡನಾಡಿನ ವೀರಗಲ್ಲುಗಳಲ್ಲಿ ಈ ಬೇರ್ಪಡಿಕೆಯು ಸ್ಪಷ್ಟವಾಗಿದೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೆ ಕಲ್ಲು. ಅವನ ಮನೆಯವರಿಗೆ ಕಲ್ನಾಡು, ಬಾಳ್ಗಳ್ಚು ಎಂಬ ಹೆಸರಿನ ಭೂಮಿ. ಕಲ್ಲನ್ನು ಯಾರೂ ಉಳಲಿಲ್ಲ, ಗದ್ದೆಯನ್ನು ಯಾರೂ ಪೂಜಿಸಲಿಲ್ಲ.

೨೦೧೮ರ ಆಗಸ್ಟಿನಲ್ಲಿ ಕೇರಳವು ನೆರೆಯಲ್ಲಿ ಮುಳುಗಿದಾಗ, ಅಲ್ಲಿಯ ಕಡಲ ಬೆಸ್ತರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಉಳಿಸಿದರು. ಸರ್ಕಾರವು ದೋಣಿಯೊಂದಕ್ಕೆ ದಿನಕ್ಕೆ ೩,೦೦೦ ರೂಪಾಯಿ ಕೊಡುವೆವೆಂದೂ, ಕೆಟ್ಟ ದೋಣಿಗಳನ್ನು ಸರಿಪಡಿಸಿಕೊಡುವೆವೆಂದೂ ಸಾರಿತು. ಪ್ರಾಣವುಳಿಸಿದುದಕ್ಕೆ ಹಣ ಬೇಡವೆಂದು ಬೆಸ್ತರಲ್ಲಿ ಕೆಲವರು ಬಹಿರಂಗವಾಗಿ ಹೇಳಿದರು. ಮುರಿದ ದೋಣಿಯನ್ನು ಸರಿಪಡಿಸಿಕೊಡುವುದು ನ್ಯಾಯ. ಅದು ಅವರ ಅನ್ನದ ಪಾತ್ರೆ. ದಿನಗೂಲಿಯೋ, ಅದು ಮಾಡಿದ ಕಾರ್ಯದ ಜಾತಿಯನ್ನೇ ಕೆಡಿಸುತ್ತದೆ. ಅಷ್ಟು ಓದಿಕೊಂಡ ಅಧಿಕಾರಿಗಳಿಗೆ ಹೊಳೆಯದ ಈ ಭೇದವು ಹುಟ್ಟುಹಾಕುವವರಿಗೆ ಹೊಳೆಯಿತು.

ಮತ್ತೆ ವೋಲ್ಟರ್ನೋಗೆ ಬರೋಣ. ಅದರ ಕಥೆಯಲ್ಲಿ ಅತ್ಯಂತ ಕಠಿಣವಾದ ಭಾಗವು ಉಳಿದಿದೆ. ಜರ್ಮನ್ ದೋಣಿಗಾರರು ಬ್ರಿಟಿಷ್ ರಾಜನ ಮುಖಮುದ್ರೆಯ ಪದಕವನ್ನು ಮನೆಗೆ ಕೊಂಡುಹೋಗಿ ಬಹುಕಾಲವಾಗಿರಲಿಲ್ಲ. ೧೯೧೪ರ ಆಗಸ್ಟಿನಲ್ಲಿ ಬ್ರಿಟಿಷರೂ ಜರ್ಮನರೂ ಮಹಾಯುದ್ಧದಲ್ಲಿ ಎದುರಾದರು. ಉರಿಯುವ ಹಡಗಿನ ಪಕ್ಕದಲ್ಲಿ ನಿಂತು ಜರ್ಮನರನ್ನೂ ಫ್ರೆಂಚರನ್ನೂ ಸಹಾಯಕ್ಕೆ ಕರೆದ ಕಾರ್ಮೇನಿಯಾವು ಫಿರಂಗಿಗಳನ್ನು ಹೊತ್ತಿತು. ಸೆಪ್ಟೆಂಬರ್ ೧೪ರಂದು, ವೋಲ್ಟರ್ನೋದ ಇರುಳು ಕಳೆದು ಒಂದು ವರ್ಷವೂ ತುಂಬುವುದಕ್ಕೆ ಮೊದಲು, ದಕ್ಷಿಣ ಅಟ್ಲಾಂಟಿಕಿನ ಟ್ರಿಂಡಾಡೆ ದ್ವೀಪದ ಬಳಿ, ಅದು ಕ್ಯಾಪ್ ಟ್ರಫಾಲ್ಗರ್ ಎಂಬ ಜರ್ಮನ್ ಹಡಗನ್ನು ಮುಳುಗಿಸಿತು. ಆ ಕಾಳಗದಲ್ಲಿ ಕಾರ್ಮೇನಿಯಾಕ್ಕೇ ಬೆಂಕಿ ಹತ್ತಿ ಅದರ ಮೇಲಣ ಅಟ್ಟವು ಸುಟ್ಟುಹೋಯಿತು. ಹಿಂದಿನ ವರ್ಷದ ನಾಯಕನಾದ ಬಾರ್ ಎಂಬಾತನು ನೌಕಾಸೇನೆಯ ಅಧಿಕಾರಿಯ ಕೈಕೆಳಗೆ ಅಂದೂ ಅದರಲ್ಲಿಯೇ ಇದ್ದನು. ಮುಳುಗಿದ ಜರ್ಮನರನ್ನು ಎತ್ತಿಕೊಳ್ಳುವುದು ಜರ್ಮನರದೇ ಒಂದು ಕಲ್ಲಿದ್ದಲ ಹಡಗಿನ ಪಾಲಿಗೆ ಬಿತ್ತು. ಒಂದು ಕಡಲು, ಒಂದು ಹಡಗು, ಒಬ್ಬನೇ ಮನುಷ್ಯ. ಅದೇ ಬೆಂಕಿ, ಅದೇ ನೀರು. ನಡುವೆ ಹನ್ನೊಂದು ತಿಂಗಳು.

ಹಾಗಾದರೆ ಆ ಪದಕಗಳು ಸುಳ್ಳಾದುವೆ? ಆ ಬಿಲ್ಲೆಯು ರಾಜರ ನಡುವಣ ಸ್ನೇಹಪತ್ರವಾಗಿದ್ದರೆ ಸುಳ್ಳಾಯಿತೆಂದೇ ಹೇಳಬೇಕು. ರಾಜನ ಮುಖವು ಅಲ್ಲಿರುವುದರಿಂದ ಆ ಭ್ರಾಂತಿಗೆ ಅವಕಾಶವೂ ಇದೆ. ಆದರೆ ಅದು ಹೇಳಿದುದು ಇಷ್ಟೇ: ಇಂಥ ದಿನ, ಇಂಥ ಹಡಗಿನಲ್ಲಿ, ಇಂಥವನು ಹೀಗೆ ಮಾಡಿದನು. ಮುಂದೆ ಯಾರು ಯಾರನ್ನು ಕೊಂದರೂ ಆ ವಾಕ್ಯವು ಅಸತ್ಯವಾಗುವುದಿಲ್ಲ. ಋಣವು ತೀರಬಹುದು, ಮುರಿಯಬಹುದು. ಸಾಕ್ಷ್ಯಕ್ಕೆ ಆ ಗತಿಯಿಲ್ಲ. ಕಾಳಿದಾಸನ ಶಾಕುಂತಲದಲ್ಲಿ ಉಂಗುರದ ಮಾತು ಬರುವುದೂ ಹೀಗೆಯೇ. ದುಷ್ಯಂತನ ಪ್ರೇಮವು ಉಂಗುರದಲ್ಲಿರಲಿಲ್ಲ. ನೆನಪಿರುವವರೆಗೂ ಅದರ ಅಗತ್ಯವೇ ಇರಲಿಲ್ಲ. ಮರವೆ ಕವಿದ ಮೇಲೆ, ಮೀನಿನ ಹೊಟ್ಟೆಯಿಂದ ಹೊರಬಂದು, ಬೆಸ್ತನೊಬ್ಬನ ಕೈಯಿಂದ ಅದು ಅರಮನೆಯನ್ನು ಸೇರಿತು. ಆ ಬೆಸ್ತನನ್ನು ಕಾವಲುಗಾರರು ಮೊದಲು ಕಳ್ಳನೆಂದು ಹೊಡೆದರೆಂಬುದನ್ನೂ ಕವಿಯು ಮರೆಯದೆ ಹೇಳಿದ್ದಾನೆ.

ವೋಲ್ಟರ್ನೋದಿಂದ ಉಳಿದುದಕ್ಕಾಗಿ ಜನರಿಗೆ ಯಾರೂ ಪದಕ ಕೊಡಲಿಲ್ಲ. ಕೊಡುವ ಪದ್ಧತಿಯೂ ಇಲ್ಲ. ಯಾವ ದೋಣಿ ಸಿಕ್ಕಿತೋ ಆ ದೋಣಿಯ ಹಡಗು, ಆ ಹಡಗು ಯಾವ ಕಡೆಗೆ ಹೊರಟಿತ್ತೋ ಆ ದೇಶ. ಹೀಗೆ ಕೆಲವರು ನ್ಯೂಯಾರ್ಕಿಗೂ ಕೆಲವರು ತಾವು ಬಿಟ್ಟುಬಂದ ಯೂರೋಪಿಗೂ ಹೋಗಿ ಸೇರಿ, ಒಂದೇ ಮನೆಯವರು ಎರಡು ಖಂಡಗಳ ಪಾಲಾದುದೂ ಉಂಟು. ಅವರಲ್ಲಿ ಎಷ್ಟು ಮಂದಿಗೆ ತಮ್ಮನ್ನು ದೋಣಿಗೆಳೆದವನ ಹೆಸರು ತಿಳಿದಿದ್ದೀತು? ಭಾಷೆಯೇ ಬೇರೆ, ಕತ್ತಲೆ, ಭಯ. ರೋಮಿನ ನಿಯಮದಂತೆ ಎದುರು ನಿಂತು ಒಪ್ಪಿಕೊಳ್ಳಬೇಕೆಂದರೆ ಎಲ್ಲಿ ಹುಡುಕುವರು? ಅವರು ಆಡಲಾರದೆ ಹೋದ ಮಾತನ್ನು ಯಾರಾದರೂ ಆಡಬೇಕಾಗಿದ್ದಿತು. ರಾಜನ ಮುಖವು ಆ ಬಿಲ್ಲೆಯ ಮೇಲಿರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣವು ಕಾಣುವುದಿಲ್ಲ.

ಆ ಪದಕಗಳು ಈಗ ಒಮ್ಮೊಮ್ಮೆ ಹರಾಜಿಗೆ ಬರುತ್ತವೆ. ಇದನ್ನು ಕೇಳಿ ಮರುಗುವವರುಂಟು, ಮರುಗಬೇಕಾದ ಕಾರಣವಿಲ್ಲ. ಪಡೆದವನು ತೀರಿಹೋದನು, ಮಕ್ಕಳೂ ತೀರಿಹೋದರು, ಮೊಮ್ಮಕ್ಕಳ ಮನೆಯಲ್ಲಿ ಅರಿವೆಯ ಗಂಟನ್ನು ಬಿಚ್ಚುವವರಿಲ್ಲ. ಕೊಳ್ಳುವವನು ಮೊದಲು ನೋಡುವುದು ರಾಜನ ಮುಖವನ್ನಲ್ಲ, ಚಿತ್ರವನ್ನೂ ಅಲ್ಲ. ಅಂಚಿನಲ್ಲಿ ಕೊರೆದ ಹೆಸರು ಸವೆಯದೆ ಉಳಿದಿದೆಯೇ ಎಂದು. ಹೆಸರು ಅಳಿದಿದ್ದರೆ ಬೆಲೆ ತಗ್ಗುತ್ತದೆ. ಆದ್ದರಿಂದ ಅವನು ಬಿಲ್ಲೆಯನ್ನು ದೀಪದ ಬಳಿಗೆ ಹಿಡಿದು, ಅಂಚನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಅಕ್ಷರವನ್ನು ಕೂಡಿಸಿ ಓದುತ್ತಾನೆ.